ತಂತಿವಾದ್ಯಗಳ ದುರಸ್ತಿ ಕೋಣೆ

ಶಾಲೆಯ ಪರೀಕ್ಷಾ ಫಲಿತಾಂಶ, ಆಟೋಟಗಳ ವರದಿ, ಕಟ್ಟಡದ ನಿಧಿಯ ಲೆಕ್ಕ ಇವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿರುವುದರಿಂದ ನಾವು ಅವುಗಳ ಗೊಡವೆಗೆ ಹೋಗುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಈಗಿನ ಹುಡುಗಿಯರ ತಂದೆತಾಯಂದಿರಿಗೂ ಈ ಸಲ ಒಂದು ಕೋಣೆಯ ವಿಷಯವಾಗಿ ನಾಲ್ಕು ಮಾತು ತಿಳಿಸಬೇಕೆಂದಿರುವೆವು. ವಸತಿಗೃಹದ ಅಡುಗೆಮನೆಯ ಹಿಂದೆ ಕಟ್ಟಿಗೆ ಒಟ್ಟುತ್ತಿದ್ದ ಸಣ್ಣ ಕೋಣೆಯನ್ನು ಹಳಬರು ಮರೆತಿರಲಾರರು. ಗ್ಯಾಸಿನ ಒಲೆ ಬಂದ ಮೇಲೆ ಅದು ಬರಿದಾಗಿ ಚೇಳುಗಳ ಮನೆಯಾಗಿತ್ತು. ಈಗ ಅಲ್ಲಿ ಆರು ಗಿಟಾರುಗಳೂ ಒಂದು ಬೇಸ್ ಗಿಟಾರೂ ಒಂದು ತಂಬೂರಿಯೂ ಗೋಡೆಗೆ ತೂಗುತ್ತಿವೆ. ನಡುವೆ ಶಹಾಬಾದ್ ಕಲ್ಲಿನ ಹಾಸು ಹೊತ್ತ ಒಂದು ಮೇಜು ಇದೆ. ಶನಿವಾರ ಮಧ್ಯಾಹ್ನ ಏಳೆಂಟು ಹುಡುಗಿಯರು ಅರ, ಮರಳುಕಾಗದ, ಉಕ್ಕಿನ ಅಳತೆಪಟ್ಟಿಗಳನ್ನು ಹಿಡಿದು ಅದರ ಸುತ್ತ ಕುಳಿತಿರುತ್ತಾರೆ. ಕೊಂಕಲ್ ಸೀಮೆಯ ಒಂದು ಕನ್ಯಾಶಾಲೆಯಲ್ಲಿ ಇದೇಕೆ ಎಂದು ಕೆಲವರು ಕೇಳಿದ್ದಾರೆ, ಕೇಳತಕ್ಕದ್ದೇ ಸರಿ.

ಮೊದಲು ಕೆಟ್ಟದ್ದು ತಂಬೂರಿ. ಹಿಂದೆ ನಮ್ಮಲ್ಲಿ ಹಾಡು ಕಲಿಸುತ್ತಿದ್ದ ಒಬ್ಬ ತಾಯಿಯವರು ನಿವೃತ್ತರಾಗುವಾಗ ಶಾಲೆಗೆ ಬಿಟ್ಟುಹೋದ ಆ ವಾದ್ಯವು ಬಹುಕಾಲ ಕಪಾಟಿನ ಮೇಲೆ ಮಲಗಿತ್ತು. ಹೊಸ ತಂತಿ ಹಾಕಿದರೂ ಅದರಿಂದ ನಾದ ಏಳಲೊಲ್ಲದು. ಮೀಟಿದೊಡನೆ ಟಪ್ಪೆಂದು ನಿಂತುಹೋಗುವುದು. 2022ರ ನವೆಂಬರ್ ತಿಂಗಳಲ್ಲಿ ಅದನ್ನು ಕೌದಿಯಲ್ಲಿ ಸುತ್ತಿಕೊಂಡು, ವಿಜ್ಞಾನದ ಶಿಕ್ಷಕಿಯವರನ್ನು ಜೊತೆಗೆ ಕರೆದುಕೊಂಡು, ನಾವು ಯಾದಗಿರಿಯಲ್ಲಿ ರೈಲು ಹತ್ತಿದೆವು. ಕುರ್ಡುವಾಡಿಯಲ್ಲಿ ಇಳಿದು ಪಂಢರಾಪುರದ ಮಾರ್ಗವಾಗಿ ಮಿರಜಿಗೆ ಹೋಗುವ ಗಾಡಿಯನ್ನು ಹಿಡಿಯಬೇಕು. ನಮ್ಮ ಕಡೆಯ ಹಿರಿಯರಿಗೆ ಮಿರಜೆಂದರೆ ದವಾಖಾನೆಯ ಊರು. ಡಾಕ್ಟರ್ ವಾನ್ಲೆಸ್ಸರು 1894ರಲ್ಲಿ ಅಲ್ಲಿ ತೆರೆದ ಮಿಶನ್ ಆಸ್ಪತ್ರೆಯ ಹೆಸರನ್ನು ಕೇಳದ ಕ್ರೈಸ್ತ ಮನೆಗಳು ಕಡಮೆ. ಡಬ್ಬಿಯಲ್ಲಿ ಎದುರಿಗೆ ಕುಳಿತಿದ್ದ ಒಬ್ಬ ಅಜ್ಜಿಯು ಕೌದಿಯ ಗಂಟನ್ನು ನೋಡಿ, “ಯಾರಿಗಿ ಆರಾಮಿಲ್ರೀ ಯವ್ವಾ?” ಎಂದು ಕನಿಕರದಿಂದ ಕೇಳಿದಳು. ತಂಬೂರಿಗೆ ಎಂದೆವು. ಅವಳು ನಗಲಿಲ್ಲ, ಅಲ್ಲಿ ಅದಕ್ಕೂ ವೈದ್ಯರಿದ್ದಾರೆಂದು ಅವಳಿಗೆ ಗೊತ್ತಿತ್ತು.

ಮಿರಜಿನಲ್ಲಿ ಈ ಕಸುಬು ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದ ನಡೆದುಬಂದಿದೆ. ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಆಯುಧಗಳ ಬೇಡಿಕೆ ಇಳಿದ ಆ ಕಾಲದಲ್ಲಿ ಸಿತಾರು ತಂಬೂರಿಗಳತ್ತ ಕೈ ಹೊರಳಿಸಿದರು. ಅವರ ಪೀಳಿಗೆಯವರಿಗೆ ಸಿತಾರಮೇಕರ್ ಎಂಬುದೇ ಅಡ್ಡಹೆಸರಾಗಿ ನಿಂತಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನ್ ಸಾಹೇಬರು ಇದೇ ಊರಲ್ಲಿ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಇಲ್ಲಿಯೇ ಇದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಎಂದು ಹೇಳಿದರೆ, ಕನ್ನಡಿಗರ ಹಾಡಿಗೂ ಈ ಊರಿಗೂ ಇರುವ ನಂಟು ತಿಳಿಯುತ್ತದೆ. 2024ರಲ್ಲಿ ಮಿರಜಿನ ಸಿತಾರು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಇನ್ನೊಂದು ಸಂಗತಿಯು ನಮ್ಮ ಹುಡುಗಿಯರಿಗೆ ಬಹಳ ಹಿಡಿಸಿತು. ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಕಾಯಿಗಳನ್ನು ಪಂಢರಾಪುರದ ಕಡೆಯ ಭೀಮಾತೀರದಲ್ಲಿ ಬೆಳೆಯುತ್ತಾರೆ. ಆ ಭೀಮೆಯ ನೀರೇ ಕೆಳಗೆ ಹರಿದು ಯಾದಗಿರಿಗೆ ಬರುತ್ತದೆ.

ಅಂಗಡಿಯ ಹಿರಿಯರು ತಂಬೂರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೊದಲು ಕೇಳಿದ್ದು ವಾದ್ಯದ ವಿಷಯವನ್ನಲ್ಲ. “ಬಾಯಿಯವರ, ಇದರ ಕೂಡ ಹಾಡೋರು ಯಾರ್ರಿ? ಗಂಡಸರೋ ಹುಡಿಗ್ಯಾರೋ?” ಎಂದು ಕೇಳಿದರು. ಹುಡುಗಿಯರೆಂದು ತಿಳಿದ ಮೇಲೆ ಅವರ ಸ್ವರ ಎಷ್ಟು ಎತ್ತರದ್ದೆಂದು ಹಾಡಿ ತೋರಿಸಹೇಳಿದರು. ಆಮೇಲೆಯೇ ಅರವನ್ನು ಕೈಗೆ ತೆಗೆದುಕೊಂಡರು. ತಂತಿಗಳನ್ನು ಹೊತ್ತಿರುವ ಕುದುರೆಯ ಬೆನ್ನು ನೋಡುವುದಕ್ಕೆ ಚಪ್ಪಟೆಯಾಗಿದ್ದರೂ ನಿಜವಾಗಿ ಅತಿ ಸಣ್ಣ ಇಳಿಜಾರಾಗಿ ಬಾಗಿರುತ್ತದೆ. ಅದುರುವ ತಂತಿಯು ಆ ಬೆನ್ನನ್ನು ಸವರಿ ಸವರಿ ಹೋಗುವುದರಿಂದಲೇ ತಂಬೂರಿಯ ಝೇಂಕಾರ ಹುಟ್ಟುತ್ತದೆ. ವರ್ಷಗಳು ಕಳೆದಂತೆ ತಂತಿಯು ಅಲ್ಲಿ ಗೀರು ಕೊರೆಯುತ್ತದೆ, ನಾದ ಸಾಯುತ್ತದೆ. ಅವರು ಒಂದೆರಡು ಸಲ ತೇಯುವರು, ತಂತಿಯನ್ನು ಮತ್ತೆ ಕೂರಿಸುವರು, ಮೀಟಿ ಕಣ್ಣುಮುಚ್ಚಿ ಕೇಳುವರು, ತಲೆಯಲ್ಲಾಡಿಸಿ ಮತ್ತೆ ತೇಯುವರು. ಕೊನೆಗೆ ತಂತಿಯ ಕೆಳಗೆ ನೂಲಿನ ಎಳೆಯನ್ನು ಸೇರಿಸಿ ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರು, ಕೋಣೆಯೆಲ್ಲ ತುಂಬಿಹೋಯಿತು. ಈ ಕೆಲಸಕ್ಕೆ ಜವಾರಿ ಎಂದು ಹೆಸರು. ಜವಾರಿ ಜೋಳ, ಜವಾರಿ ಬದನೆ ಎಂದರೆ ನಾಟಿ ತಳಿ ಎಂದಷ್ಟೇ ತಿಳಿದಿದ್ದ ನಮ್ಮ ಹುಡುಗಿಯರು, ತಂಬೂರಿಗೂ ಜವಾರಿ ಮಾಡಿಸಿಕೊಂಡು ಬಂದೆವೆಂದಾಗ ಬಿದ್ದುಬಿದ್ದು ನಕ್ಕರು.

ಹಾಡುವವರು ಯಾರು ಎಂಬ ಆ ಪ್ರಶ್ನೆಯನ್ನು ನಾವು ಮರೆಯಲಿಲ್ಲ. ಮರುವರ್ಷವೇ ಅದು ಉಪಯೋಗಕ್ಕೆ ಬಂದಿತು.

2023ರ ಜೂನಿನಲ್ಲಿ ಕೊಂಕಲ್ಲಿನಿಂದ ಒಬ್ಬ ಹುಡುಗಿಯು ಎಂಟನೆಯ ತರಗತಿಗೆ ಸೇರಿದಳು. ಅವಳ ತಂದೆ ಇನ್ನೊಬ್ಬರ ಎರಡೆಕರೆ ಹೊಲವನ್ನು ಪಾಲಿಗೆ ಮಾಡುವವನು. ಮಗಳ ಹಾಡಿನ ಆಸೆಯನ್ನು ಕಂಡು, ತೊಗರಿ ಮಾರಿದ ದುಡ್ಡಿನಲ್ಲಿ ಮೂರೂವರೆ ಸಾವಿರ ರೂಪಾಯಿ ತೆಗೆದು ಅವಳಿಗೊಂದು ಗಿಟಾರು ಕೊಡಿಸಿದ್ದನು. ಎರಡು ತಿಂಗಳಾದರೂ ಅವಳ ಕೈಯಲ್ಲಿ ಒಂದು ಸ್ವರವೂ ನೆಟ್ಟಗೆ ಬರಲಿಲ್ಲ. ಎಡಗೈಯ ಬೆರಳ ತುದಿಗಳು ಸೀಳಿ ರಕ್ತ ಒಸರುತ್ತಿತ್ತು. ಶ್ರುತಿ ಮಾಡಿಕೊಟ್ಟ ಮೇಲೂ ಅವಳು ಒತ್ತಿದ ಸ್ವರಮೇಳ ಬೇಸೂರಾಗಿಯೇ ಕೇಳಿಸುವುದು. ವಾರಕ್ಕೊಮ್ಮೆ ಕಲಿಸಲು ಬರುತ್ತಿದ್ದವರು ಇವಳಿಗೆ ಬೆರಳೂ ಇಲ್ಲ, ಕಿವಿಯೂ ಇಲ್ಲ ಎಂದರು. ಅವಳು ಗಿಟಾರೇ ಸರಿಯಿಲ್ಲವೇನೋ ಎಂದು ಬಾಯಿಬಿಟ್ಟಾಗ, ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಎಲ್ಲರೆದುರಿಗೆ ಹೇಳಿ ಕೂರಿಸಿದರು. ಸಂತೆಯ ದಿನ ತಂದೆ ಬಂದನು. “ಅಕ್ಕೋರೇ, ಇಕಿಗಿ ಬರಾಂಗಿಲ್ಲಂದ್ರ ಮನಿಗಿ ಒಯ್ತೀನ್ರಿ. ಸಣ್ಣಾವ ಅದಾನ. ಗಂಡು ಹುಡುಗನ ಬಟ್ಟು ಗಟ್ಟಿ ಇರತಾವು,” ಎಂದನು. ಸಿಟ್ಟಿನಿಂದ ಹೇಳಿದ್ದಲ್ಲ, ಮೂರೂವರೆ ಸಾವಿರವೆಂದರೆ ಅವನಿಗೆ ಎಷ್ಟು ದಿನದ ಬೆವರೆಂದು ನಮಗೆ ಗೊತ್ತಿತ್ತು. ಎಂಟು ದಿನ ತಡೆಯೆಂದು ಕೇಳಿಕೊಂಡೆವು.

ಗಾದೆಗಳ ಮೇಲೆ ನಮಗೆ ಗೌರವವುಂಟು. ಆದರೆ ನೆಲ ಡೊಂಕಿದೆಯೋ ಇಲ್ಲವೋ ಎಂಬುದನ್ನು ಅಳೆದು ನೋಡಬಹುದಲ್ಲವೇ? ವಿಜ್ಞಾನದ ಶಿಕ್ಷಕಿಯವರು ಅಳತೆಪಟ್ಟಿಯನ್ನು ತಂದರು. ಗಿಟಾರಿನ ದಂಡಿಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಸಣ್ಣ ಪಟ್ಟಿಗಳನ್ನು ವೀಣೆಯವರಂತೆ ಮೆಟ್ಟುಗಳೆಂದೇ ಕರೆಯುವೆವು. ಹನ್ನೆರಡನೆಯ ಮೆಟ್ಟಿನ ಮೇಲೆ ತಂತಿಯು ಎರಡು, ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಕೈಗೆ ಹಿತ. ಈ ಗಿಟಾರಿನಲ್ಲಿ ನಾಲ್ಕೂವರೆ ಇತ್ತು. ದಂಡಿಯ ತಲೆಯ ಬಳಿ ತಂತಿಗಳು ಹಾದುಹೋಗುವ ನಟ್ ಎಂಬ ಸಣ್ಣ ಪಟ್ಟಿ ಇದೆಯಷ್ಟೆ. ಅದರ ಗಾಡಿಗಳು ಮೇಲೆಯೇ ನಿಂತಿದ್ದುದರಿಂದ, ಮೊದಲನೆಯ ಮೆಟ್ಟಿನಲ್ಲಿಯೇ ತಂತಿಯು ಒಂದು ಮಿಲಿಮೀಟರಿಗಿಂತ ಹೆಚ್ಚು ಎತ್ತರವಿತ್ತು. ಕಲಿಯುವ ಮಕ್ಕಳೆಲ್ಲ ಮೊದಲು ಬೆರಳಿಡುವುದು ಅಲ್ಲಿಯೇ. ತಂತಿಯನ್ನು ಅಷ್ಟು ಕೆಳಕ್ಕೆ ಒತ್ತಬೇಕಾದರೆ ಅದು ಎಳೆದು ಬಿಗಿಯಾಗುತ್ತದೆ, ಬಿಗಿಯಾದ ತಂತಿಯ ಸ್ವರವು ಏರುತ್ತದೆ. ಹಾಗಾದುದರಿಂದ ಬೆರಳು ಸೀಳಿದ್ದಕ್ಕೂ ಸ್ವರ ಬೇಸೂರಾದದ್ದಕ್ಕೂ ಕಾರಣ ಒಂದೇ. ಹುಡುಗಿಯ ಕಿವಿ ಸರಿಯಾಗಿಯೇ ಇತ್ತು. ಸರಿಯಿದ್ದುದರಿಂದಲೇ ಅವಳು ಗಿಟಾರಿನ ಮೇಲೆ ಸಂಶಯಪಟ್ಟಳು.

ಮದ್ದು ಸಣ್ಣದೇ. ನಟ್ಟಿನ ಗಾಡಿಗಳನ್ನು ಆಳಗೊಳಿಸಲು ತಂತಿಯಷ್ಟೇ ದಪ್ಪದ ಅರಗಳು ಬೇಕು. ಪೇಟೆಯಲ್ಲಿ ಅವುಗಳ ಬೆಲೆ ಗಿಟಾರಿಗಿಂತಲೂ ಹೆಚ್ಚು. ಗ್ಯಾಸ್ ವೆಲ್ಡಿಂಗ್ ಮಾಡುವವರು ತಮ್ಮ ನಳಿಗೆಯ ಬಾಯಿಯನ್ನು ಶುಚಿಮಾಡಲು ಒಂದು ಕಟ್ಟು ಹಲ್ಲುಕಡ್ಡಿಗಳನ್ನು ಇಟ್ಟುಕೊಂಡಿರುತ್ತಾರೆ, ಸೂಜಿಯಷ್ಟು ಸಣ್ಣದರಿಂದ ಮೊದಲುಗೊಂಡು ಬೇರೆ ಬೇರೆ ದಪ್ಪದವು. ಅದು ನೂರಿನ್ನೂರು ರೂಪಾಯಿಗೆ ಸಿಕ್ಕಿತು, ಕೆಲಸಕ್ಕೂ ಒದಗಿತು. ಮೂರನೆಯ ಮೆಟ್ಟಿನಲ್ಲಿ ತಂತಿಯನ್ನು ಒತ್ತಿಹಿಡಿದರೆ ಮೊದಲನೆಯ ಮೆಟ್ಟಿನ ಮೇಲೆ ಒಂದು ಕಾಗದ ಮಾತ್ರ ನುಸುಳುವಷ್ಟು ಸಂದು ಉಳಿಯಬೇಕು, ಅಲ್ಲಿಗೆ ನಿಲ್ಲಿಸತಕ್ಕದ್ದು. ದಂಡಿಯೊಳಗೆ ಒಂದು ಉಕ್ಕಿನ ಸರಳು ಇರುತ್ತದೆ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಎಂಬವರು 1923ರಲ್ಲಿ ಹಕ್ಕುಪತ್ರ ಪಡೆದ ಯುಕ್ತಿ ಇದು. ಅದನ್ನು ಕಾಲು ಸುತ್ತು ಬಿಗಿಮಾಡಿ ಒಂದು ರಾತ್ರಿ ಬಿಟ್ಟೆವು. ತಂತಿಯ ಸೆಳೆತಕ್ಕೆ ಮುಂದೆ ಬಾಗಿದ್ದ ದಂಡಿಯು ಬಹುಮಟ್ಟಿಗೆ ನೆಟ್ಟಗಾಯಿತು. ಮಾರನೆಯ ದಿನ ಕುದುರೆಯ ಮೇಲಿನ ಸ್ಯಾಡಲ್ ಎಂಬ ಪಟ್ಟಿಯನ್ನು ಹೊರತೆಗೆದು, ಶಹಾಬಾದ್ ಕಲ್ಲಿನ ಮೇಲೆ ಗಾಜು, ಗಾಜಿನ ಮೇಲೆ ಮರಳುಕಾಗದ ಹಾಸಿ, ಅದರ ತಳವನ್ನು ತೇಯ್ದೆವು. ಇಲ್ಲಿ ಹುಡುಗಿಯೇ ಲೆಕ್ಕ ಹೇಳಿದಳು: ಹನ್ನೆರಡನೆಯ ಮೆಟ್ಟು ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಇಲ್ಲಿ ಎರಡು ತೇಯಬೇಕು. ತ್ರಿಕೋನಗಳ ಪಾಠ ಇನ್ನೂ ಆಗಿರಲಿಲ್ಲ.

ಎಂಟನೆಯ ದಿನ ತಂದೆ ಬಂದನು. ಒಂದೇ ಬೆರಳನ್ನು ಅಡ್ಡ ಹಾಸಿ ಆರೂ ತಂತಿಗಳನ್ನು ಒತ್ತಬೇಕಾದ ಎಫ್ ಎಂಬ ಸ್ವರಮೇಳವಿದೆ, ಹೊಸಬರ ಪಾಲಿಗೆ ಅದು ಹುಲಿ. ಹುಡುಗಿ ಅದನ್ನು ನುಡಿಸಿದಳು. ಆರರಲ್ಲಿ ಐದು ತಂತಿ ಶುದ್ಧವಾಗಿ ನುಡಿದವು. ತಂದೆಯು ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿ, “ಮತ್ತ ಅಂಗಡ್ಯಾಗೇ ಹಿಂಗ ಮಾಡಿ ಯಾಕ ಕೊಡಲಿಲ್ರೀ?” ಎಂದನು. ನ್ಯಾಯವಾದ ಪ್ರಶ್ನೆ. ತಂತಿ ತಗ್ಗಿದ್ದು ಎಲ್ಲಿಯಾದರೂ ಒಂದು ಮೆಟ್ಟಿಗೆ ತಗುಲಿ ಝರ್ ಎಂದರೆ ಕೊಂಡವರು ತಿರುಗಿ ತರುತ್ತಾರೆ. ಎತ್ತರದ ತಂತಿ ಎಲ್ಲಿಯೂ ತಗುಲದು. ಮೆಟ್ಟುಗಳನ್ನೆಲ್ಲ ಸಮಮಾಡಿ ತಂತಿಯನ್ನು ಇಳಿಸಲು ಒಬ್ಬ ಕುಶಲಿಯು ಅರ್ಧ ದಿನ ಕುಳಿತುಕೊಳ್ಳಬೇಕು, ಅಗ್ಗದ ಗಿಟಾರಿಗೆ ಆ ಅರ್ಧ ದಿನವನ್ನು ಯಾರೂ ಕೊಡುವುದಿಲ್ಲ. ದುಡ್ಡುಳ್ಳವರ ಮಗುವಿಗೆ ಸಿದ್ಧವಾದ ವಾದ್ಯ ಸಿಗುತ್ತದೆ, ಬಡವರ ಮಗುವಿಗೆ ಅರೆಯಾದ ವಾದ್ಯವೂ ದಡ್ಡಿಯೆಂಬ ಹೆಸರೂ ಸಿಗುತ್ತದೆ. ಈ ಮಾತನ್ನು ನಾವು ಸ್ವಲ್ಪ ಖಾರವಾಗಿಯೇ ಹೇಳುತ್ತಿದ್ದೇವೆ.

ಅಲ್ಲಿಂದ ಕೋಣೆ ಬೆಳೆಯಿತು. ಗಣಿತಕ್ಕೂ ಅದು ಅನುಕೂಲವಾಯಿತು. ಮೆಟ್ಟುಗಳನ್ನು ಎಲ್ಲಿ ಕೂರಿಸಬೇಕೆಂಬುದಕ್ಕೆ ಹಿಂದಿನವರು ಹದಿನೆಂಟರ ಲೆಕ್ಕವನ್ನು ಹಿಡಿಯುತ್ತಿದ್ದರು: ತಂತಿಯ ಉದ್ದವನ್ನು 18ರಿಂದ ಭಾಗಿಸಿದರೆ ಮೊದಲ ಮೆಟ್ಟು, ಉಳಿದುದನ್ನು ಮತ್ತೆ 18ರಿಂದ ಭಾಗಿಸಿದರೆ ಎರಡನೆಯದು. ಖಗೋಳಜ್ಞ ಗೆಲಿಲಿಯೊನ ತಂದೆ ವಿನ್ಚೆಂಜೊ ಗೆಲಿಲಿಯು 1581ರಲ್ಲಿ ಲೂಟ್ ವಾದ್ಯಕ್ಕೆ ಇದೇ ಪ್ರಮಾಣವನ್ನು ಹೇಳಿದ್ದನು. 650 ಮಿಲಿಮೀಟರ್ ತಂತಿಗೆ ಹುಡುಗಿಯರು ಹನ್ನೆರಡು ಸಲ ಹೀಗೆ ಭಾಗಿಸಿ ನೋಡಿದಾಗ ಸರಿ ಅರ್ಧಕ್ಕೆ, ಎಂದರೆ 325ಕ್ಕೆ, ಬರಬೇಕಾದದ್ದು 327.4ಕ್ಕೆ ನಿಂತಿತು. ಈಗಿನವರು 17.817ರಿಂದ ಭಾಗಿಸುತ್ತಾರೆ, ಆಗ ಮೊದಲ ಮೆಟ್ಟು 36.5 ಮಿಲಿಮೀಟರಿಗೆ ಬರುತ್ತದೆ, ಹನ್ನೆರಡನೆಯದು ಅರ್ಧಕ್ಕೆ ಕೂಡುತ್ತದೆ. ದಶಮಾಂಶವೆಂದರೆ ಮುಖ ಗಂಟಿಕ್ಕುವ ಹುಡುಗಿಯರು ಆ ದಿನ ಊಟದ ಗಂಟೆಯನ್ನು ಮರೆತರು.

ನಮ್ಮ ಸೀಮೆಯ ಬಿಸಿಲು ಈ ವಾದ್ಯಗಳಿಗೆ ದೊಡ್ಡ ಶತ್ರು. ಏಪ್ರಿಲ್ ಮೇ ತಿಂಗಳುಗಳಲ್ಲಿ 42 ಡಿಗ್ರಿ ದಾಟುವ ಒಣ ಶೆಕೆಗೆ ಮರವು ಸೊರಗುತ್ತದೆ, ಲೋಹದ ಮೆಟ್ಟು ಸೊರಗುವುದಿಲ್ಲ; ಹೀಗಾಗಿ ದಂಡಿಯ ಅಂಚಿನಲ್ಲಿ ಮೆಟ್ಟುಗಳ ತುದಿ ಹೊರಚಾಚಿ ಬೆರಳಿಗೆ ಚುಚ್ಚುತ್ತವೆ, ಮುಖದ ಹಲಗೆ ಬಿರಿಯುವುದೂ ಉಂಟು. ಮಳೆ ಹಿಡಿದರೆ ಅದೇ ಹಲಗೆ ಉಬ್ಬಿ ತಂತಿ ಏರುತ್ತದೆ. ತೂತು ಕೊರೆದ ಸಾಬೂನಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನಿಟ್ಟು ಗಿಟಾರಿನ ಪೆಟ್ಟಿಗೆಯೊಳಗೆ ಇರಿಸಿದರೆ ಬೇಸಿಗೆಯನ್ನು ದಾಟಿಸಬಹುದು. ತಗಡಿನ ಮಾಡಿನ ಕೆಳಗೆ ಅಟ್ಟದ ಮೇಲೆ ಮಾತ್ರ ಇಡಬೇಡಿರಿ.

ಬರುವ ರೋಗಗಳಲ್ಲಿ ಅತಿ ಸಾಮಾನ್ಯವಾದುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನೈಲಾನ್ ತಂತಿಗೆಂದು ಕಟ್ಟಿದ ಗಿಟಾರಿಗೆ, ಸಪ್ಪಳ ಹೆಚ್ಚಲೆಂದು ಉಕ್ಕಿನ ತಂತಿಗಳನ್ನು ಹಾಕುತ್ತಾರೆ. ನೈಲಾನ್ ತಂತಿಗಳು ಒಟ್ಟು ಸುಮಾರು 40 ಕಿಲೋ ಭಾರದಷ್ಟು ಎಳೆದರೆ ಉಕ್ಕಿನವು 70 ಕಿಲೋಗೂ ಹೆಚ್ಚು ಎಳೆಯುತ್ತವೆ. ಒಂದು ತಿಂಗಳು ತಡೆಯಬಹುದು, ಆಮೇಲೆ ಕುದುರೆಯು ಹಲಗೆಯಿಂದ ಕಿತ್ತು ಮೇಲೇಳುತ್ತದೆ. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದು, ಹೊಸ ಅಂಟು ಹಚ್ಚಿ, ಬಿಗಿಪಟ್ಟಿನಲ್ಲಿ ಒಂದು ದಿನ ಒಂದು ರಾತ್ರಿ ಇಡಬೇಕು. ಹಳೆಯದರ ಮೇಲೆಯೇ ಅಂಟು ಸುರಿದವರ ಕೆಲಸ ಮತ್ತೆ ನಮ್ಮ ಮೇಜಿಗೇ ಬರುತ್ತದೆ. ನಟ್ಟಿನ ಗಾಡಿಯು ಆಳವಾಗಿ ಹೋಗಿದ್ದರೆ ಅಡುಗೆ ಸೋಡಾವನ್ನು ಅದರಲ್ಲಿ ತುಂಬಿ ಫೆವಿಕ್ವಿಕ್ಕಿನ ಒಂದು ಹನಿ ಬಿಟ್ಟರೆ ಕ್ಷಣದಲ್ಲಿ ಕಲ್ಲಿನಂತಾಗುತ್ತದೆ, ಅದನ್ನು ಮತ್ತೆ ಅರದಿಂದ ಕೊರೆಯಬಹುದು. ಅಡುಗೆಯವರು ಸೋಡಾದ ಲೆಕ್ಕ ಕೇಳಿದ್ದಾರೆ.

ಬೇಸ್ ಗಿಟಾರನ್ನು ಒಬ್ಬ ಹಳೆಯ ವಿದ್ಯಾರ್ಥಿನಿಯ ಮನೆಯವರು ಕೊಟ್ಟರು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಮಾದರಿಯದು. ನಾಲ್ಕೇ ತಂತಿ, ಆದರೆ ನಟ್ಟಿನಿಂದ ಕುದುರೆಗೆ 34 ಅಂಗುಲ. ಅದರ ಕಾಯಿಲೆ ಮರದ್ದಲ್ಲ, ವಿದ್ಯುತ್ತಿನದು. ವಯರು ಸಿಕ್ಕಿಸುವ ಜಾಗದ ತಿರುಪು ಸಡಿಲವಾಗಿ ತಿರುಗಿ ತಿರುಗಿ ಒಳಗಿನ ತಂತಿ ತುಂಡಾಗಿತ್ತು. ಒಂಬತ್ತನೆಯ ತರಗತಿಯ ಒಬ್ಬಳು ಬೆಸುಗೆಯ ಕಾವಿ ಹಿಡಿದು ಹತ್ತು ನಿಮಿಷದಲ್ಲಿ ಸರಿಮಾಡಿದಳು.

ಮರದ ವಿಷಯವಾಗಿ ಒಂದು ಮಾತು ಹೇಳದೆ ಇರಲಾರೆವು. ಗಿಟಾರಿನ ಹಿಂಬದಿಗೂ ದಂಡಿಯ ಮೇಲ್ಪಟ್ಟಿಗೂ ಲೋಕದಲ್ಲೆಲ್ಲ ಬೇಡಿಕೆಯಿರುವ ಬೀಟೆ ನಮ್ಮ ಮಲೆನಾಡಿನ ಮರ. 1833ರಲ್ಲಿ ಹುಟ್ಟಿದ ಅಮೆರಿಕದ ಮಾರ್ಟಿನ್ ಕಂಪನಿಯು 1969ರಲ್ಲಿ ಬ್ರೆಜಿಲಿನ ಬೀಟೆಯನ್ನು ಬಿಟ್ಟು ಭಾರತದ ಬೀಟೆಗೆ ಬಂದಿತು. 2017ರ ಜನವರಿಯಿಂದ ಈ ಜಾತಿಯ ಮರಗಳೆಲ್ಲದರ ಸಾಗಾಟಕ್ಕೆ ಅಂತರರಾಷ್ಟ್ರೀಯ ಕಟ್ಟುಪಾಡು ಬಂದು, 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ನಮ್ಮ ಮೇಜಿಗೆ ಬರುವ ಗಿಟಾರುಗಳಲ್ಲಿ ಬಹುತೇಕ ಬೀಟೆಯಿರುವುದಿಲ್ಲ. ಒದ್ದೆ ಬಟ್ಟೆಯಿಂದ ಒರಸಿದರೆ ಕಪ್ಪು ಬಣ್ಣ ಬಟ್ಟೆಗೆ ಬರುತ್ತದೆ.

ಇನ್ನು ಹೆಣ್ಣುಮಕ್ಕಳ ಕೈಗೆ ಅರ ಗರಗಸ ಕೊಡುವುದು ಸರಿಯೇ ಎಂಬ ಪ್ರಶ್ನೆ. ಒಬ್ಬ ಅಜ್ಜಿಯವರು ಗರಗಸ ಹಿಡಿದ ಕೈಗೆ ಬಳೆ ಯಾರು ತೊಡಿಸಿಯಾರೆಂದು ನೇರವಾಗಿಯೇ ಕೇಳಿದರು. ಕುಡುಗೋಲು ಹಿಡಿದ ಕೈಗೆ ತೊಡಿಸುತ್ತಾರಲ್ಲ ಎಂದೆವು. ಅವರು ಒಪ್ಪಲಿಲ್ಲ, ಆದರೂ ಮೊಮ್ಮಗಳನ್ನು ಶನಿವಾರ ಕಳಿಸುತ್ತಿದ್ದಾರೆ.

ಕೊಂಕಲ್ಲಿನ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಗಿಟಾರನ್ನು ಸುಮಾರಾಗಿ ನುಡಿಸುತ್ತಾಳೆ. ಅವಳಿಗಿಂತ ಚೆನ್ನಾಗಿ ನುಡಿಸುವವರು ಮೂವರಿದ್ದಾರೆ. ಆದರೆ ಯಾವ ಮೆಟ್ಟು ಎತ್ತರ, ಯಾವ ತಂತಿ ಎಲ್ಲಿ ತಗುಲುತ್ತಿದೆ ಎಂಬುದನ್ನು ಕೋಣೆಯ ಹೊರಗೆ ನಿಂತೇ ಹೇಳಬಲ್ಲಳು. ಕಿವಿಯಿಲ್ಲವೆಂದವರು ಇದನ್ನು ಓದಿದರೆ ಸಂತೋಷ. ಪರೀಕ್ಷೆಯಾದ ಮೇಲೆ ಕಲಬುರಗಿಗೆ ಹೋಗಿ ಡಿಪ್ಲೊಮಾ ಓದಬೇಕು, ಅಥವಾ ಮಿರಜಿನಂಥ ಕಡೆ ಇದೇ ಕೆಲಸವನ್ನು ಪೂರ್ತಿ ಕಲಿಯಬೇಕು ಎಂದು ಅವಳ ಮನಸ್ಸು. ತಂದೆ ಹೋದ ತಿಂಗಳು ಬಂದು ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ವಿಚಾರಿಸಿದನು. ಮಿರಜಿನಲ್ಲಿ ಒಂದೂವರೆ ಶತಮಾನದಿಂದ ಮನೆಗಳು ಇದರಿಂದಲೇ ನಡೆದಿವೆಯೆಂದು ಹೇಳಿದೆವು. ಆದರೆ ಆ ಅಂಗಡಿಗಳಲ್ಲಿ ಹುಡುಗಿಯರು ಅರ ಹಿಡಿದು ಕುಳಿತದ್ದನ್ನು ನಾವು ಹೋದ ದಿನ ಕಾಣಲಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, ತೊಗರಿ ರಾಶಿಯಾಗಲಿ, ನೋಡೋಣವೆಂದು ಹೇಳಿಹೋಗಿದ್ದಾನೆ.

ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಮೂಲೆ ಸೇರಿದ ಗಿಟಾರುಗಳಿದ್ದರೆ ಕಳಿಸಿಕೊಡಿರಿ. ತಂತಿಯ ಬೆಲೆಯ ಹೊರತು ಬೇರೇನೂ ತೆಗೆದುಕೊಳ್ಳುವುದಿಲ್ಲ. ಕಳಿಸುವ ಮೊದಲು ಬಿರಡೆಗಳನ್ನು ತಿರುವಿ ತಂತಿಗಳನ್ನು ಸಡಿಲಿಸಬೇಕು, ಪೂರ್ತಿ ಬಿಚ್ಚಬಾರದು. ಜೊತೆಗೆ ಒಂದು ಚೀಟಿಯಲ್ಲಿ ಅದನ್ನು ನುಡಿಸತಕ್ಕವರು ಯಾರು, ಅವರ ವಯಸ್ಸೆಷ್ಟು ಎಂದು ಬರೆದು, ಅವರ ಎಡಗೈಯನ್ನು ಕಾಗದದ ಮೇಲೆ ಅಗಲಿಸಿ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಕಳಿಸಿರಿ. ಚೀಟಿಯಿಲ್ಲದೆ ಬಂದ ಎರಡು ಗಿಟಾರುಗಳು ಇನ್ನೂ ಗೋಡೆಗೆ ತೂಗುತ್ತಿವೆ.